ಕೈ ಇಡು, ಬಾಯಿ ಮುಚ್ಚು: ರೇಕಿ ಶುರು ಮಾಡುವವರಿಗೆ

ನಾನು ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮುಟ ಹಿಡಿದು, ದಿನಕ್ಕೆ ಎಂಟೊಂಬತ್ತು ಗಂಟೆ ಬಗ್ಗಿ ಕೂತೇ ಅರ್ಧ ಆಯಸ್ಸು ಕಳೆದಿದ್ದೇನೆ. ನಲವತ್ತೆಂಟರ ಹೊತ್ತಿಗೆ ಬಲಗೈ ಬೆರಳು ನಡುಗತೊಡಗಿತು. ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಹಿಡಿಯುವ ಕೈ ನಡುಗಿದರೆ ಕಸುಬೇ ಮುಗಿದ ಹಾಗೆ. ನರರೋಗ ತಜ್ಞರು ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನಿಲ್ಲ, ಕತ್ತು ಭುಜ ಕಟ್ಟಿಗೆಯಾಗಿದೆ, ನಿದ್ದೆ ಸಾಲದು" ಎಂದರು. ಅದೇ ವಾರ ಟೇಬಲ್ ಗಡಿಯಾರ ಕೊಡಲು ಬಂದ ವಯಸ್ಸಾದ ಗಿರಾಕಿಯೊಬ್ಬರು ನನ್ನ ಕೈಯನ್ನೇ ನೋಡುತ್ತಾ ನಿಂತರು. "ಊರಿನ ಗಡಿಯಾರಕ್ಕೆಲ್ಲ ಕೈ ಹಾಕ್ತೀರಿ, ನಿಮ್ಮ ಹೆಗಲಿಗೆ ಯಾವತ್ತಾದರೂ ಕೈ ಹಾಕಿದ್ದೀರಾ?" ಎಂದು ಕೇಳಿದರು. ಮುಂದೆ ಅವರೇ ನನಗೆ ರೇಕಿ ಕಲಿಸಿದರು, ಅಂದರೆ ಅಂಗೈಯಿಂದ ಶಕ್ತಿ ಹರಿಯುತ್ತದೆಂದು ನಂಬಿ ಮೈಮೇಲೆ ಸುಮ್ಮನೆ ಕೈಯಿಡುವ ಜಪಾನೀ ಪದ್ಧತಿ. ಇದು ಹದಿನಾಲ್ಕು ವರ್ಷದ ಹಿಂದಿನ ಮಾತು.

"ಕೈ ಇಡು, ಬಾಯಿ ಮುಚ್ಚು" ಎಂಬುದು ಅವರ ಮೊದಲ ಪಾಠ. ಕೈ ಇಡುವುದು ನನಗೆ ವಾರದಲ್ಲಿ ಬಂತು. ಬಾಯಿ ಮುಚ್ಚುವುದಕ್ಕೆ ಆರು ವರ್ಷ ಹಿಡಿಯಿತು, ಅದೂ ಒಬ್ಬ ಗೆಳೆಯ ಆಸ್ಪತ್ರೆ ಸೇರಿದ ಮೇಲೆ. ಆ ಕಥೆ ಮುಂದೆ ಬರುತ್ತದೆ, ಮೊದಲು ಕೈಯ ವಿಷಯ.

ಮೊದಲ ಇಪ್ಪತ್ತೊಂದು ದಿನ, ನಿಮ್ಮ ಮೇಲೇ

ಒಂದು ಗಟ್ಟಿ ಕುರ್ಚಿ, ಎರಡು ದಿಂಬು, ಅರ್ಧ ಗಂಟೆ ಬಿಡುವು. ಇಷ್ಟು ಸಾಕು. ಧೂಪ, ಹರಳು, ಸಂಗೀತ ಇದ್ದರೆ ಇರಲಿ, ಇಲ್ಲದಿದ್ದರೆ ಏನೂ ಕೆಡುವುದಿಲ್ಲ. ಕೈ ತೊಳೆದುಕೊಳ್ಳಿ. ಗಡಿಯಾರದವನೇ ಹೇಳುತ್ತಿದ್ದೇನೆ, ಕೈಗಡಿಯಾರ ಬಿಚ್ಚಿಡಿ. ಲೋಹ ಶಕ್ತಿಯನ್ನು ತಡೆಯುತ್ತದೆ ಎಂದು ಕೆಲವರು ಕಾರಣ ಕೊಡುತ್ತಾರೆ. ನಾನು ಕೊಡುವ ಕಾರಣ ಬೇರೆ: ಮಣಿಕಟ್ಟು ಬಾಗಿದಾಗ ಪಟ್ಟಿ ಬಿಗಿಯುತ್ತದೆ, ಬೆರಳು ಜುಮುಗುಡುತ್ತದೆ, ನೀವು ಅದನ್ನೇ ರೇಕಿ ಎಂದುಕೊಂಡು ಖುಷಿಪಡುತ್ತೀರಿ.

ಕೂತು ಎದೆಯ ಮುಂದೆ ಕೈ ಜೋಡಿಸಿ. ಜಪಾನಿನಲ್ಲಿ ಇದಕ್ಕೆ ಗಾಶ್ಶೊ ಎನ್ನುತ್ತಾರೆ. ರೇಕಿಯ ಐದು ಸೂತ್ರಗಳನ್ನು ಈ ಭಂಗಿಯಲ್ಲೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳಿಕೊಳ್ಳುವುದು ಮೂಲ ಪದ್ಧತಿ. ನಾನು ಕನ್ನಡದಲ್ಲಿ ಹೇಳಿಕೊಳ್ಳುವುದು ಹೀಗೆ: ಇವತ್ತೊಂದು ದಿನ ಸಿಟ್ಟು ಬೇಡ. ಚಿಂತೆ ಬೇಡ. ಕೃತಜ್ಞತೆ ಇರಲಿ. ಕೆಲಸದಲ್ಲಿ ಶ್ರದ್ಧೆ ಇರಲಿ. ಎಲ್ಲರ ಮೇಲೂ ದಯೆ ಇರಲಿ.

ಈ ಐದರ ಜೀವ ಇರುವುದು ‘ಇವತ್ತೊಂದು ದಿನ’ ಎಂಬಲ್ಲಿ. ಜಪಾನಿಯಲ್ಲಿ ಅದು ‘ಕ್ಯೋ ದಾಕೆ ವಾ’. ಇನ್ನು ಮೇಲೆ ಸಿಟ್ಟೇ ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವನು ಮಧ್ಯಾಹ್ನದೊಳಗೆ ಸೋತಿರುತ್ತಾನೆ. ಇವತ್ತೊಂದು ದಿನ ಎಂದವನಿಗೆ ಸೋತರೂ ನಾಳೆ ಬೆಳಿಗ್ಗೆ ಮತ್ತೆ ಕೀಲಿ ಕೊಡಬಹುದು. ದಿನಕ್ಕೊಮ್ಮೆ ಕೀಲಿ ಕೊಡುವ ಗಡಿಯಾರಗಳೇ ನನಗೆ ಇವತ್ತಿಗೂ ಇಷ್ಟ. ಕೆಲವು ಪಾಠಗಳಲ್ಲಿ ‘ಹೆತ್ತವರನ್ನು, ಗುರುಹಿರಿಯರನ್ನು ಗೌರವಿಸು’ ಎಂಬ ಸಾಲೂ ಸಿಗುತ್ತದೆ. ಒಳ್ಳೆಯ ಮಾತೇ, ಆದರೆ ಜಪಾನೀ ಮೂಲದಲ್ಲಿಲ್ಲ, ರೇಕಿ ಹವಾಯಿ ಮೂಲಕ ಅಮೆರಿಕಕ್ಕೆ ದಾಟುವಾಗ ಸೇರಿಕೊಂಡದ್ದು.

ಆಮೇಲೆ ಕೆನ್ಯೋಕು, ಅಂದರೆ ನೀರಿಲ್ಲದ ಸ್ನಾನ. ಬಲ ಅಂಗೈಯನ್ನು ಎಡ ಭುಜದ ಮೇಲಿಟ್ಟು, ಎದೆಗೆ ಅಡ್ಡಲಾಗಿ ಬಲ ಸೊಂಟದವರೆಗೆ ಒಂದೇ ಬೀಸಿಗೆ ಸವರಿ. ಎಡಗೈಯಿಂದ ಬಲ ಭುಜದಿಂದ ಎಡ ಸೊಂಟಕ್ಕೆ. ಮತ್ತೊಮ್ಮೆ ಬಲಗೈಯಿಂದ. ನಂತರ ಎಡ ತೋಳನ್ನು ಭುಜದಿಂದ ಬೆರಳ ತುದಿಯವರೆಗೆ ಬಲಗೈಯಿಂದ ಸವರಿ, ಬಲ ತೋಳನ್ನು ಎಡಗೈಯಿಂದ, ಮತ್ತೆ ಎಡ ತೋಳನ್ನು. ಕೆಲಸದ ಮೇಜಿನ ಮೇಲಿನ ಧೂಳು ಸವರಿ ಎಬ್ಬಿಸುವಷ್ಟೇ ಒತ್ತಡ. ಇದಾದ ಮೇಲೆ ಹತ್ತು ಉಸಿರು: ಮೂಗಿನಿಂದ ಎಳೆದ ಉಸಿರು ಹೊಕ್ಕುಳ ಕೆಳಗಿನ ತಾಂದೆನ್ ಎಂಬ ಜಾಗಕ್ಕೆ ಇಳಿಯುತ್ತಿದೆ ಎಂದುಕೊಳ್ಳಿ, ಹೊರಗೆ ಬಿಡುವಾಗ ಮೈಯೆಲ್ಲ ಹರಡುತ್ತಿದೆ ಎಂದುಕೊಳ್ಳಿ.

ಈಗ ಕೈ. ಬೆರಳುಗಳು ಒಂದಕ್ಕೊಂದು ತಾಗಿರಲಿ, ಅಂಗೈ ಬೊಗಸೆಗಿಂತ ಸ್ವಲ್ಪ ಚಪ್ಪಟೆ ಇರಲಿ. ಒತ್ತುವಂತಿಲ್ಲ, ಉಜ್ಜುವಂತಿಲ್ಲ. ನಿದ್ದೆ ಹೋದ ಮಗುವಿನ ಹಣೆ ಮುಟ್ಟಿ ಜ್ವರ ನೋಡುತ್ತೀರಲ್ಲ, ಆ ಭಾರ ಸರಿ. ಮುಚ್ಚಿದ ಕಣ್ಣುಗಳ ಮೇಲೆ ಮೂರು ನಿಮಿಷ. ಆಮೇಲೆ ಕಪೋಲ, ತಲೆಯ ಹಿಂಭಾಗ, ಗಂಟಲಿನ ಕೆಳಗೆ ಕೊರಳೆಲುಬಿನ ಮೇಲೆ, ಎರಡೂ ಹೆಗಲು, ಎದೆ, ಮೇಲ್ಹೊಟ್ಟೆ, ಕಿಬ್ಬೊಟ್ಟೆ, ಮಂಡಿ, ಪಾದ. ಹತ್ತು ಜಾಗ, ಮೂರು ಮೂರು ನಿಮಿಷ. ನಾನು ಹಳೆಯ ಅಲಾರಂ ಒಂದನ್ನು ಬಿಚ್ಚಿ ಮೂರು ನಿಮಿಷಕ್ಕೊಮ್ಮೆ ಮೆತ್ತಗೆ ಟಿಣ್ ಎನ್ನುವಂತೆ ಮಾಡಿಕೊಂಡಿದ್ದೇನೆ. ನಿಮ್ಮ ಫೋನ್ ಅದನ್ನು ಇನ್ನೂ ಸುಲಭವಾಗಿ ಮಾಡುತ್ತದೆ.

ಹೊಸಬರು ಎಡವುವುದು ಮೊಣಕೈಯಲ್ಲಿ. ಕಣ್ಣಿನ ಮೇಲೆ ಕೈಯಿಟ್ಟಾಗ ಮೊಣಕೈ ಗಾಳಿಯಲ್ಲಿ ತೂಗುತ್ತದೆ, ಒಂದೇ ನಿಮಿಷದಲ್ಲಿ ಹೆಗಲು ಬಿಗಿಯುತ್ತದೆ. ಯಾವ ಬಿಗಿ ಬಿಡಿಸಲು ಕೂತಿರೋ ಅದನ್ನೇ ಕಟ್ಟಿಕೊಳ್ಳುತ್ತೀರಿ. ಎರಡು ದಿಂಬು ಇಟ್ಟುಕೊಳ್ಳಿ ಎಂದದ್ದು ಇದಕ್ಕೇ: ತೊಡೆಯ ಮೇಲೆ ದಿಂಬು, ಅದರ ಮೇಲೆ ಮೊಣಕೈ. ಮೊಣಕೈ ಊರದೆ ಚಿಮುಟ ಎತ್ತಬೇಡ ಎಂಬುದು ನಮ್ಮ ಕಸುಬಿನ ಮೊದಲ ನಿಯಮ. ನನ್ನ ಹೆಗಲಿಗೆ ಅದು ನೆನಪಾಗಿದ್ದು ರೇಕಿಗೆ ಕೂತ ಮೇಲೆ.

ಮನಸ್ಸು ಓಡುತ್ತದೆ, ಓಡಲಿ. ಮಂತ್ರ ಬೇಡ, ಬೆಳಕನ್ನು ಕಲ್ಪಿಸಿಕೊಳ್ಳುವುದೂ ಬೇಡ. ಅಂಗೈ ಕೆಳಗೆ ಏನು ಗೊತ್ತಾಗುತ್ತಿದೆ ಎಂದಷ್ಟೇ ನೋಡುತ್ತಿರಿ. ಏನೂ ಗೊತ್ತಾಗದ ದಿನಗಳೇ ಹೆಚ್ಚು. ನನ್ನ ನೋಟ್‌ಬುಕ್ಕಿನ ಮೊದಲ ಒಂಬತ್ತು ದಿನದಲ್ಲಿ ಆರು ಕಡೆ ‘ಏನಿಲ್ಲ’ ಎಂದಿದೆ, ಎರಡು ಕಡೆ ‘ನಿದ್ದೆ ಬಂತು’, ಒಂದು ಕಡೆ ‘ಸಿಟ್ಟು ಬಂತು’. ಹನ್ನೆರಡನೇ ದಿನ ಹೆಗಲ ಮೇಲೆ ಕೈಯಿಟ್ಟಾಗ ಎಡಕ್ಕಿಂತ ಬಲ ಹೆಗಲು ಎರಡು ಬೆರಳಷ್ಟು ಮೇಲಿದೆ ಎಂದು ಗೊತ್ತಾಯಿತು. ಇಷ್ಟು ವರ್ಷ ಆ ಹೆಗಲನ್ನು ಕಿವಿಗೆ ಏರಿಸಿಕೊಂಡೇ ಕೆಲಸ ಮಾಡಿದ್ದೆ. ಮೇಜಿನ ಎತ್ತರ ಬದಲಿಸಿದೆ, ರಾತ್ರಿ ನಿದ್ದೆ ಹತ್ತಿತು, ಎರಡು ತಿಂಗಳಲ್ಲಿ ನಡುಕ ಬಹುಪಾಲು ನಿಂತಿತು. ರೇಕಿ ವಾಸಿ ಮಾಡಿತೋ ಮೇಜು ವಾಸಿ ಮಾಡಿತೋ ಎಂದು ಕೇಳಿದರೆ ಎರಡರ ಮೇಲೂ ಆಣೆ ಹಾಕಲಾರೆ. ಕೈಯಿಟ್ಟು ಸುಮ್ಮನೆ ಕೂರದಿದ್ದರೆ ಮೇಜಿನ ಎತ್ತರ ನನ್ನ ಗಮನಕ್ಕೆ ಬರುತ್ತಿರಲಿಲ್ಲ ಎಂಬುದಷ್ಟೇ ಗ್ಯಾರಂಟಿ.

ಇಪ್ಪತ್ತೊಂದೇ ಏಕೆ, ಮತ್ತು ಯಾರು ಹೇಳಿದ್ದು

ರೇಕಿ ಹುಟ್ಟಿದ್ದು ಸಾವಿರಾರು ವರ್ಷದ ಹಿಂದಲ್ಲ. ಮಿಕಾವೊ ಉಸುಯಿ ಎಂಬುವರು 1865ರಲ್ಲಿ ಜಪಾನಿನ ಗಿಫು ಪ್ರಾಂತದಲ್ಲಿ ಹುಟ್ಟಿದರು. ಕ್ಯೋಟೊ ಬಳಿಯ ಕುರಾಮ ಬೆಟ್ಟದಲ್ಲಿ 21 ದಿನ ಉಪವಾಸ ಕೂತು ಈ ವಿದ್ಯೆ ಪಡೆದರು, 1922ರಲ್ಲಿ ಟೋಕಿಯೊದಲ್ಲಿ ಕಲಿಸಲು ಶುರು ಮಾಡಿದರು, 1923ರ ದೊಡ್ಡ ಭೂಕಂಪದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಕೊಟ್ಟರು, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಲಿಸಿದರು ಎಂದು ಟೋಕಿಯೊದ ಸೈಹೋಜಿ ದೇವಾಲಯದಲ್ಲಿ ಶಿಷ್ಯರು 1927ರಲ್ಲಿ ನಿಲ್ಲಿಸಿದ ಸ್ಮಾರಕ ಶಿಲೆ ಹೇಳುತ್ತದೆ. ಉಸುಯಿ ತೀರಿಕೊಂಡದ್ದು 1926ರ ಮಾರ್ಚ್‌ನಲ್ಲಿ. ಅಂದರೆ ಕಲಿಸಿದ್ದು ನಾಲ್ಕೇ ವರ್ಷ. ಇವತ್ತು ಕಲಿಯುವವರಿಗೆ ಹೇಳುವ ‘21 ದಿನದ ಶುದ್ಧಿ’ ಆ ಬೆಟ್ಟದ ಉಪವಾಸದ ನೆರಳು. ಮೂರು ವಾರ ಬಿಡದೆ ಕೂರುವುದು ಅಭ್ಯಾಸಕ್ಕೆ ಒಳ್ಳೆಯ ಶುರು, ಆದ್ದರಿಂದ ನಾನೂ ಆ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ.

ಉಸುಯಿ ಕ್ರೈಸ್ತ ಕಾಲೇಜೊಂದರ ಮುಖ್ಯಸ್ಥರಾಗಿದ್ದರು ಎಂಬ ಕಥೆಯನ್ನು ಈಗಲೂ ಹೇಳುವವರಿದ್ದಾರೆ. ಶಿಲೆಯಲ್ಲಿ ಅದರ ಸುಳಿವಿಲ್ಲ, ಸಮಾಧಿ ಇರುವುದು ಬೌದ್ಧ ದೇವಾಲಯದಲ್ಲಿ. ಆ ಕಥೆ ಹರಡಿದ್ದು ಹವಾಯೊ ಟಕಾಟಾ ಅವರ ಬಾಯಿಂದ. ಹವಾಯಿಯ ಕವಾಯಿ ದ್ವೀಪದಲ್ಲಿ 1900ರಲ್ಲಿ ಹುಟ್ಟಿದ ಈ ಹೆಂಗಸು 1935ರಲ್ಲಿ ಕಾಯಿಲೆ ಹೊತ್ತು ಜಪಾನಿಗೆ ಹೋಗಿ, ಉಸುಯಿಯವರ ಶಿಷ್ಯ ಚುಜಿರೊ ಹಯಾಶಿ ಎಂಬ ನಿವೃತ್ತ ನೌಕಾಧಿಕಾರಿಯ ಚಿಕಿತ್ಸಾಲಯ ಸೇರಿದರು, ಗುಣವಾದ ಮೇಲೆ ಅಲ್ಲೇ ನಿಂತು ವಿದ್ಯೆ ಕಲಿತರು. ಜಪಾನಿನ ಮೇಲೆ ಕೋಪ ಕುದಿಯುತ್ತಿದ್ದ ಯುದ್ಧಾನಂತರದ ಅಮೆರಿಕಕ್ಕೆ ಜಪಾನಿನ ವಿದ್ಯೆ ಒಪ್ಪಿಸಬೇಕಿತ್ತು. ಕಥೆಗೆ ಅದಕ್ಕೇ ಬೇರೆ ಅಂಗಿ ತೊಡಿಸಿದರು ಎಂದು ನನ್ನ ಊಹೆ. ನಾನು ಅವರನ್ನು ದೂರುವುದಿಲ್ಲ. ಅವರಿಲ್ಲದಿದ್ದರೆ ಇದು ನನ್ನ ಹೆಗಲಿನವರೆಗೆ ಬರುತ್ತಲೇ ಇರಲಿಲ್ಲ.

ಈ ಚರಿತ್ರೆ ಗೊತ್ತಿದ್ದರೆ ಪ್ರಯೋಜನವಿದೆ. ‘ಇದೇ ಸರಿಯಾದ ಕ್ರಮ’ ಎಂದು ಯಾರಾದರೂ ಗದರಿಸಿದಾಗ ನೀವು ಹೆದರುವುದಿಲ್ಲ. ನಾನು ಮೇಲೆ ಕೊಟ್ಟಂಥ ತಲೆಯಿಂದ ಪಾದದವರೆಗಿನ ನಿಗದಿತ ಸ್ಥಾನಗಳ ಸಾಲು ಟಕಾಟಾ ಪರಂಪರೆಯಲ್ಲಿ ಗಟ್ಟಿಯಾದದ್ದು. ಏಳು ಚಕ್ರಗಳ ಲೆಕ್ಕವನ್ನು ಸೇರಿಸಿದ್ದು ಅವರ ನಂತರದ ಪಾಶ್ಚಾತ್ಯ ಶಿಕ್ಷಕರು. ಹಳೆಯ ಜಪಾನೀ ಪದ್ಧತಿಯಲ್ಲಿ ಸಾಲಿಗಿಂತ ಹೆಚ್ಚು ನೆಚ್ಚಿಕೊಂಡದ್ದು ಕೈಗೆ ಸಿಗುವ ಬ್ಯೋಸೆನ್ ಅನ್ನು.

ಬ್ಯೋಸೆನ್, ಮತ್ತು ನಾನು ಫೇಲಾದ ಪರೀಕ್ಷೆ

ನೋವಿರುವ ಜಾಗದ ಮೇಲೆ ಕೈಯಿಟ್ಟಾಗ ಅಂಗೈಗೆ ಬರುವ ಅನುಭವಕ್ಕೆ ಬ್ಯೋಸೆನ್ ಎಂದು ಹೆಸರು. ಜಪಾನೀ ಶಾಲೆಗಳು ಅದರಲ್ಲಿ ಐದು ಮೆಟ್ಟಿಲು ಹೇಳುತ್ತವೆ: ಬೆಚ್ಚಗಾಗುವುದು, ಚೆನ್ನಾಗಿ ಕಾಯುವುದು, ಜುಮುಜುಮು, ಮಿಡಿತ, ಕೊನೆಗೆ ಕೈಗೇ ನೋವು. ಮಿಡಿತ ಏರಿ ಇಳಿಯುವವರೆಗೆ ಕೈ ತೆಗೆಯಬಾರದು ಎಂಬುದು ಪಾಠ. ಇದನ್ನು ಕಲಿತ ಮೇಲೆ ನನಗೆ ಎರಡು ಕೊಂಬು ಬಂದವು. ಯಾರ ಮೇಲೆ ಕೈಯಿಟ್ಟರೂ ಏನೋ ಸಿಗುತ್ತಿತ್ತು, ಸಿಕ್ಕಿದ್ದನ್ನು ಹೇಳಿಬಿಡುತ್ತಿದ್ದೆ.

ಒಂದು ಸಂಜೆ ಗೆಳೆಯನೊಬ್ಬ ಬಲಗಡೆ ಹೊಟ್ಟೆ ನೋವು ಎಂದು ಬಂದ. ಕೈಯಿಟ್ಟೆ. ಮಿಡಿತ ಜೋರಾಗಿತ್ತು, ಇಪ್ಪತ್ತು ನಿಮಿಷದಲ್ಲಿ ಇಳಿಯಿತು, ಅವನೂ ಸ್ವಲ್ಪ ಹಗುರ ಎಂದ. "ಹೋಗುತ್ತಿದೆ, ಇನ್ನೆರಡು ದಿನ ಬಾ" ಎಂದೆ. ಅದೇ ರಾತ್ರಿ ಅವನ ಹೆಂಡತಿ ನನ್ನ ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದಳು. ಅಪೆಂಡಿಕ್ಸ್. ಒಡೆಯುವ ಮುಂಚೆ ತೆಗೆದರು. ಎರಡು ದಿನ ಬಂದಿದ್ದರೆ?

ಗುರುಗಳಿಗೆ ಹೇಳಿದೆ. ಅವರು ಬೈಯಲಿಲ್ಲ. ಒಂದು ರಟ್ಟು ತಂದು ನಡುವೆ ನಿಲ್ಲಿಸಿ, ಕೆಳಗಿನ ಎರಡು ತೂತಿನಲ್ಲಿ ನನ್ನ ಎರಡೂ ಕೈ ತೂರಿಸಿ ಅಂಗೈ ಮೇಲಾಗಿ ಇಡಲು ಹೇಳಿದರು. ಆಚೆ ಕೂತು ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ನನ್ನ ಎಡಗೈ ಅಥವಾ ಬಲಗೈ ಮೇಲೆ ತಮ್ಮ ಕೈ ಹಿಡಿದು, "ಯಾವುದು?" ಎಂದರು. ಇಪ್ಪತ್ತು ಸಲದಲ್ಲಿ ಒಂಬತ್ತು ಸರಿ. ನಾಣ್ಯವೇ ನನಗಿಂತ ಚೆನ್ನಾಗಿ ಹೇಳುತ್ತಿತ್ತು. ಈ ಆಟ ಅವರದ್ದಲ್ಲ. ಎಮಿಲಿ ರೋಸಾ ಎಂಬ ಅಮೆರಿಕದ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಕಟ್ಟಿದ ಪ್ರಯೋಗ, 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ರೇಕಿಗೆ ಅಣ್ಣತಮ್ಮನಂತಿರುವ ಥೆರಪ್ಯೂಟಿಕ್ ಟಚ್ ಮಾಡುವ 21 ಮಂದಿ ಕೂತಿದ್ದರು. 280 ಸಲದಲ್ಲಿ ಸರಿಯಾದದ್ದು 123, ಶೇಕಡಾ 44.

ನೀವೂ ಈ ಪರೀಕ್ಷೆಗೆ ಒಮ್ಮೆ ಕೂತುಬಿಡಿ, ಮೂರು ತಿಂಗಳ ಅಭ್ಯಾಸವಾದ ಮೇಲೆ. ಬೆಚ್ಚಗಾಗುವುದು ಸುಳ್ಳಲ್ಲ, ಎರಡು ಚರ್ಮ ತಾಗಿ ಗಾಳಿ ಆಡದಿದ್ದರೆ ಬೆಚ್ಚಗಾಗಲೇಬೇಕು. ಮಿಡಿತವೂ ಸುಳ್ಳಲ್ಲ, ನಿಮ್ಮ ಬೆರಳ ನಾಡಿಯೇ ಮಿಡಿಯುತ್ತಿರುತ್ತದೆ. ಅದರಿಂದ ಎದುರಿನವರ ಒಳಗಿನ ಕಾಯಿಲೆ ತಿಳಿಯುತ್ತದೆ ಎಂಬುದನ್ನು ನಾನು ಅವತ್ತೇ ಬಿಟ್ಟೆ. ವೈದ್ಯಲೋಕದ ಲೆಕ್ಕವೂ ಉತ್ಸಾಹ ತರುವಂಥದ್ದಲ್ಲ: ಆತಂಕ, ಖಿನ್ನತೆಗೆ ರೇಕಿ ಉಪಯೋಗವೋ ಅಲ್ಲವೋ ಎಂದು ಹೇಳುವಷ್ಟು ಪುರಾವೆಯೇ ಇಲ್ಲ ಎಂದು, ಚಿಕಿತ್ಸೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಸಮೀಕ್ಷೆ ಬರೆಯಿತು.

ಆದರೂ ಕೈ ಬಿಡಲಿಲ್ಲ. ‘ಕೈಗುಣ’ ಎಂದು ನಮ್ಮ ಭಾಷೆಯಲ್ಲೊಂದು ಮಾತಿದೆ. ಔಷಧ ಅದೇ, ಕೊಡುವ ಕೈ ಬೇರೆಯಾದರೆ ನೋವಿಗೆ ಬೇರೆ ಸಮಾಧಾನ. ಅರ್ಧ ಗಂಟೆ ಯಾರೋ ಒಬ್ಬರು ಏನನ್ನೂ ಕೇಳದೆ, ಏನನ್ನೂ ಮಾರದೆ, ಅವಸರವಿಲ್ಲದೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ಕೂತದ್ದು ಕೊನೆಯ ಸಲ ಯಾವಾಗ? ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಅದು ನೆನಪೂ ಇರುವುದಿಲ್ಲ.

ಇನ್ನೊಬ್ಬರ ಮೇಲೆ ಕೈ ಇಡುವಾಗ

ಮೊದಲು ಕೇಳಿ. ಮಲಗಿದ ಮೇಲೆ ಮತ್ತೊಮ್ಮೆ ಕೇಳಿ, ಯಾಕೆಂದರೆ ನಿಂತಾಗ ಹೂಂ ಎಂದವರಿಗೆ ಮಲಗಿದಾಗ ಮುಜುಗರವಾಗಬಹುದು. ಎಲ್ಲಿ ಮುಟ್ಟಬಾರದು ಎಂದೂ ಕೇಳಿ. ಬಟ್ಟೆ ಮೈಮೇಲೇ ಇರಬೇಕು. ಗಂಟಲು, ಎದೆ, ಕಿಬ್ಬೊಟ್ಟೆಯಲ್ಲಿ ಕೈಯನ್ನು ನಾಲ್ಕು ಬೆರಳು ಮೇಲೆ ಹಿಡಿದರೆ ಸಾಕು, ಮುಟ್ಟಬೇಕಾಗಿಲ್ಲ. ಸುಟ್ಟಗಾಯ, ಹೊಲಿಗೆ, ಮುರಿದ ಮೂಳೆಯ ಮೇಲೂ ಹಾಗೆಯೇ. ಎದೆನೋವು, ಹೊಟ್ಟೆಯ ಜೋರು ನೋವು, ಇದ್ದಕ್ಕಿದ್ದಂತೆ ಬಂದ ತಲೆನೋವು, ಮಾತು ತೊದಲುವುದು: ಇವುಗಳಲ್ಲಿ ಯಾವುದನ್ನು ಹೇಳಿದರೂ ಕೈ ಇಡಬೇಡಿ, ಗಾಡಿ ಹತ್ತಿಸಿ. ಮಾತ್ರೆಯ ವಿಷಯಕ್ಕೆ ಬಾಯಿ ಹಾಕಲೇಬೇಡಿ. ನಿಲ್ಲಿಸಿ ಎನ್ನುವುದಿರಲಿ, ಕಡಿಮೆ ಮಾಡಿ ಎನ್ನುವುದಕ್ಕೂ ನಮಗೆ ಅಧಿಕಾರವಿಲ್ಲ.

ಅವರ ತಲೆಯ ಕಡೆ ಸ್ಟೂಲ್ ಹಾಕಿ ಕೂತುಕೊಳ್ಳಿ. ನಿಂತು ಮಾಡಿದರೆ ಹದಿನೈದನೇ ನಿಮಿಷಕ್ಕೆ ನಿಮ್ಮ ಸೊಂಟ ಮಾತಾಡುತ್ತದೆ, ಅದು ಕೈಯಲ್ಲಿ ಗೊತ್ತಾಗುತ್ತದೆ. ತಲೆಯಲ್ಲಿ ಹತ್ತು ನಿಮಿಷ ಕಳೆಯಿರಿ, ಬೇರೆಲ್ಲ ಕಡೆ ಮೂರು ಸಾಕು. ತಲೆಯ ಹಿಂಭಾಗಕ್ಕೆ ಹೋಗಬೇಕಾದಾಗ ಅವರ ತಲೆಯನ್ನು ನಿಧಾನವಾಗಿ ಒಂದು ಪಕ್ಕಕ್ಕೆ ಹೊರಳಿಸಿ ಒಂದು ಅಂಗೈ ತೂರಿಸಿ, ಮತ್ತೊಂದು ಪಕ್ಕಕ್ಕೆ ಹೊರಳಿಸಿ ಇನ್ನೊಂದನ್ನು ತೂರಿಸಿ. ತಲೆ ಭಾರವಾಗಿ ನಿಮ್ಮ ಕೈಗೆ ಬಿತ್ತು ಎಂದರೆ ಅವರು ಸಡಿಲವಾದರು ಎಂದರ್ಥ. ಕೆಲವರು ಕತ್ತು ಎತ್ತಿ ಹಿಡಿದೇ ಇರುತ್ತಾರೆ, ನಿಮಗೆ ಭಾರವಾಗಬಾರದೆಂದು. ಅವರಿಗೆ ಏನೂ ಹೇಳಬೇಡಿ, ಕಾಯಿರಿ.

ಎರಡೂ ಕೈಗಳನ್ನು ಒಟ್ಟಿಗೆ ಎತ್ತಬೇಡಿ. ಒಂದು ಕೈ ಇದ್ದಲ್ಲೇ ಇರಬೇಕು, ಇನ್ನೊಂದು ಜಾಗ ಬದಲಿಸಬೇಕು. ಶಕ್ತಿಯ ಧಾರೆ ಕಡಿಯಬಾರದು ಎಂದು ಪುಸ್ತಕದವರು ಹೇಳುತ್ತಾರೆ. ಕಣ್ಣು ಮುಚ್ಚಿದವರ ಮೈಯಿಂದ ಎರಡೂ ಕೈ ಒಮ್ಮೆಲೇ ಹೋಗಿ ಇನ್ನೆಲ್ಲೋ ಬಂದು ಕೂತರೆ ಅವರು ಬೆಚ್ಚುತ್ತಾರೆ, ಅಷ್ಟೆ ಎನ್ನುತ್ತೇನೆ ನಾನು. ಅಳು ಬಂದರೆ ಅಳಲಿ. ‘ಏನೋ ಹೊರಗೆ ಹೋಗುತ್ತಿದೆ’ ಎಂದು ವ್ಯಾಖ್ಯಾನ ಕೊಡಬೇಡಿ. ಗೊರಕೆ ಬಂದರೆ ನೀವು ಕೆಲಸ ಸರಿಯಾಗಿ ಮಾಡುತ್ತಿದ್ದೀರಿ.

ದೀಕ್ಷೆ, ಚಿಹ್ನೆ, ಗುರು

ಇಷ್ಟು ಓದಿ, ದೀಕ್ಷೆಯಿಲ್ಲದೆ ಹೇಗೆ ಮಾಡುವುದು ಎಂದು ಕೇಳುತ್ತೀರಿ. ಪರಂಪರೆಯ ಉತ್ತರ, ಮಾಡಬಾರದು. ನನ್ನ ಉತ್ತರ, ನಿಮ್ಮ ಹೆಗಲ ಮೇಲೆ ನೀವೇ ಕೈಯಿಡಲು ಯಾರ ಅಪ್ಪಣೆಯೂ ಬೇಡ, ಇನ್ನೊಬ್ಬರ ಮೇಲೆ ಇಡುವ ಮುಂಚೆ ಮಾತ್ರ ಕಣ್ಣೆದುರು ತಿದ್ದುವವರೊಬ್ಬರು ಬೇಕು. ಜಪಾನಿನಲ್ಲಿ ರೇಜು ಎಂಬ ದೀಕ್ಷೆಯನ್ನು ಕೂಟ ಸೇರಿದಾಗೆಲ್ಲ ಮತ್ತೆ ಮತ್ತೆ ಕೊಡುತ್ತಿದ್ದರು. ಶೋದೆನ್, ಒಕುದೆನ್, ಶಿಂಪಿದೆನ್ ಎಂಬ ಒಂದು, ಎರಡು, ಮೂರನೇ ಹಂತಗಳನ್ನು ಏರಲು ವರ್ಷಗಳು ಬೇಕಿದ್ದವು. ಪಶ್ಚಿಮದಲ್ಲಿ ಹಂತಕ್ಕೊಂದು ದೀಕ್ಷೆ, ಆಮೇಲೆ ವಾರಾಂತ್ಯಕ್ಕೊಂದು ಹಂತ. ಟಕಾಟಾ ಮಾಸ್ಟರ್ ಹಂತಕ್ಕೆ, ಅಂದರೆ ಇನ್ನೊಬ್ಬರಿಗೆ ಕಲಿಸಬಹುದಾದ ಕೊನೆಯ ಹಂತಕ್ಕೆ, 10,000 ಡಾಲರ್ ಕೇಳುತ್ತಿದ್ದರು. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಮಾಡಿದ್ದ ಮಾಸ್ಟರ್‌ಗಳು 22 ಮಂದಿ. ಇವತ್ತು ಕಂಪ್ಯೂಟರ್ ಮುಂದೆ ಕೂತು ಒಂದೇ ಮಧ್ಯಾಹ್ನ ಮಾಸ್ಟರ್ ಆಗಬಹುದು.

ಮೇಲಿನ ಹಂತಗಳಲ್ಲಿ ಗುಟ್ಟಾಗಿ ಕಲಿಸುವ ಚಿಹ್ನೆಗಳ ಬಗ್ಗೆ ಹೆಚ್ಚು ಹೇಳಲಾರೆ. ಟಕಾಟಾ ಅವನ್ನು ಬರೆದಿಟ್ಟುಕೊಳ್ಳಲು ಬಿಡುತ್ತಿರಲಿಲ್ಲ; ಅವರ ನಂತರ ಶಿಷ್ಯರು ಹೋಲಿಸಿ ನೋಡಿದಾಗ ಒಬ್ಬರಂತೆ ಇನ್ನೊಬ್ಬರದ್ದಿರಲಿಲ್ಲ. ನನ್ನದೂ ಗುರುಗಳದ್ದರಂತಿಲ್ಲ. ದೂರದಿಂದ ಕಳಿಸುವ ರೇಕಿಯನ್ನು ನಾನು ಮಾಡುವುದಿಲ್ಲ, ಫೋನ್ ಮಾಡಿ ಹೇಗಿದ್ದೀರಿ ಎನ್ನುತ್ತೇನೆ.

ಗುರು ಹುಡುಕುವಾಗ ಮೂರು ಮಾತು ಕೇಳಿ. ನಿಮ್ಮ ಮೇಲೆ ನೀವು ದಿನಾ ಮಾಡಿಕೊಳ್ಳುತ್ತೀರಾ? ಇದರಿಂದ ಆಗದ್ದು ಏನು? ಮೊದಲ ಹಂತ ಮುಗಿಸಿದವರಿಗೆ ಎರಡನೆಯದಕ್ಕೆ ಎಷ್ಟು ದಿನ ಕಾಯಿಸುತ್ತೀರಿ? ಎರಡನೇ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವರ ಬಳಿ ಕೂತುಕೊಳ್ಳಿ. ಕ್ಯಾನ್ಸರ್ ವಾಸಿ ಮಾಡಿದ್ದೇನೆ ಎಂದವರ ಮನೆಯಿಂದ ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತೂ ನಿಲ್ಲಬೇಡಿ.

ಇನ್ನೊಬ್ಬರ ಮೇಲೆ ಕೈಯಿಟ್ಟು ಮುಗಿಸುವಾಗ ಪಾದದ ಮೇಲೆ ಐದು ನಿಮಿಷ ಹೆಚ್ಚೇ ಇರಿ. ಕೈ ತೆಗೆದು, ಹೆಸರು ಹಿಡಿದು ಕರೆದು, "ಆಯಿತು, ಅವಸರ ಇಲ್ಲ" ಎನ್ನಿ. ಪಕ್ಕಕ್ಕೆ ಹೊರಳಿ ಆಮೇಲೆ ಏಳಲಿ, ತಲೆ ಸುತ್ತಬಹುದು. ನೀರು ಕೊಡಿ. ಹೇಗನ್ನಿಸಿತು ಎಂದು ನೀವಾಗಿ ಕೇಳಬೇಡಿ, ಕೇಳಿದರೆ ನಿಮ್ಮನ್ನು ಮೆಚ್ಚಿಸಲು ಏನಾದರೂ ಹೇಳುತ್ತಾರೆ. ಅವರು ಹೋದ ಮೇಲೆ ಕೈ ತೊಳೆದು, ತಾರೀಕು ಹಾಕಿ ಎರಡು ಸಾಲು ಬರೆದಿಡಿ: ಎಷ್ಟು ಹೊತ್ತು, ಏನಾಯಿತು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೊನ್ನೆಯದಿದೆ. ಅಪೆಂಡಿಕ್ಸ್ ತೆಗೆಸಿಕೊಂಡ ಅದೇ ಗೆಳೆಯ, ನಲವತ್ತು ನಿಮಿಷ. ‘ಹನ್ನೆರಡನೇ ನಿಮಿಷಕ್ಕೆ ಗೊರಕೆ. ಎದ್ದವನು ಹೊಟ್ಟೆ ತೋರಿಸಿ, ಇಲ್ಲೇನೂ ಸಿಗಲಿಲ್ಲವಾ ಎಂದು ನಕ್ಕ. ನಾನು ಬಾಯಿ ಬಿಡಲಿಲ್ಲ.’